ಜಾಲಪುಟದ ಉಗ್ರಾಣಿ

ಮದುವೆಯ ಮನೆಯಲ್ಲಿ ಉಗ್ರಾಣಿಯನ್ನು ನೀವು ಕಂಡಿರಬೇಕು. ಅಡಿಗೆಯವನಿಗಿರುವ ಹೆಸರು ಅವನಿಗಿಲ್ಲ. ಬಡಿಸುವವರ ಓಡಾಟವೂ ಅವನದಲ್ಲ. ಉಗ್ರಾಣದ ಬಾಗಿಲಲ್ಲಿ ಒಂದು ಮಣೆ ಹಾಕಿಕೊಂಡು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಿರುತ್ತಾನೆ. ಬೇಳೆ ಬೇಕೆಂದರೆ ಒಳಗಿನಿಂದ ಅಳೆದು ಕೊಡುತ್ತಾನೆ. ಬಾಳೆಯೆಲೆ ಸಾಲದಾದರೆ ಪೇಟೆಗೆ ಆಳನ್ನು ಅಟ್ಟುತ್ತಾನೆ. ಹಾಲನ್ನು ಮಾತ್ರ ಆಗಿಂದಾಗ್ಗೆ ತರಿಸುತ್ತಾನೆ, ಕೂಡಿಡುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ತರಿಸಬೇಕು, ಯಾವುದನ್ನು ಹೊರಕ್ಕೆ ಎಸೆಯಬೇಕು ಎಂಬುದರಲ್ಲಿಯೇ ಅವನ ವಿದ್ಯೆಯೆಲ್ಲ ಅಡಗಿದೆ. ಅವನು ಜಾಣನಾದರೆ ಮನೆಯ ಯಜಮಾನನಿಗೆ ಅವನ ನೆನಪೇ ಬರುವುದಿಲ್ಲ. ತಪ್ಪಿದನೋ, ಮೂರನೆಯ ಪಂಕ್ತಿಗೆ ಹಳಸಿದ ಪಲ್ಯ ಬರುತ್ತದೆ.

ನಿಮ್ಮ ಕೈಯಲ್ಲಿರುವ ಮೊಬೈಲಿನ ಬ್ರೌಸರಿನಲ್ಲಿಯೂ ಇಂಥ ಉಗ್ರಾಣಿಗಳಿದ್ದಾರೆ ಎಂದರೆ ನೀವು ನಗಬಹುದು. ಆದರೆ ಇರುವುದು ನಿಜ. ಇಂಗ್ಲಿಷಿನಲ್ಲಿ ಅವರಿಗೆ 'ಸರ್ವಿಸ್ ವರ್ಕರ್' ಎಂದು ಹೆಸರು. ನೀವು ಪ್ರತಿದಿನ ತೆರೆಯುವ ಎಷ್ಟೋ ಜಾಲತಾಣಗಳು, ನಿಮ್ಮನ್ನು ಒಂದು ಮಾತೂ ಕೇಳದೆ, ಒಬ್ಬೊಬ್ಬ ಉಗ್ರಾಣಿಯನ್ನು ಅಲ್ಲಿ ಕೂರಿಸಿ ಹೋಗಿವೆ. ಅವನು ಮಾಡುವುದೇನು, ಎಡವುವುದೆಲ್ಲಿ ಎಂಬುದನ್ನು ಜಾಲಪುಟ ಬರೆಯುವ ತರುಣರಂತೂ ತಿಳಿದಿರಬೇಕು. ಬರಿದೆ ಓದುವವರಿಗೂ ತಿಳಿದಿದ್ದರೆ ನಷ್ಟವಿಲ್ಲ.

ಮೊದಲು ಕಷ್ಟವೇನೆಂದು ನೋಡೋಣ. ಜಾಲಪುಟವೆಂಬುದು ಒಂದೇ ವಸ್ತುವಲ್ಲ. ಬರಹದ ಫೈಲು ಒಂದು, ಅದಕ್ಕೆ ಬಣ್ಣ-ಅಂಚುಗಳನ್ನು ಕೊಡುವ ಫೈಲು ಇನ್ನೊಂದು, ಗುಂಡಿ ಒತ್ತಿದಾಗ ಕೆಲಸ ನಡೆಸುವ ಜಾವಾಸ್ಕ್ರಿಪ್ಟಿನ ಫೈಲು ಮತ್ತೊಂದು. ಚಿತ್ರಗಳು ಬೇರೆ, ಅಕ್ಷರಗಳ ರೂಪವನ್ನು ಹೊತ್ತ ಫೈಲು ಬೇರೆ. ಇವೆಲ್ಲವೂ ದೂರದಲ್ಲೆಲ್ಲೋ ಇರುವ ಸರ್ವರಿನಿಂದ ಬರಬೇಕು. ಬೆಂಗಳೂರಿನ ಗಾಂಧಿಬಜಾರಿನಲ್ಲಿ ನಿಂತವನಿಗೆ ಇದು ಕಣ್ಣುಮಿಟುಕಿಸುವಷ್ಟರಲ್ಲಿ ಆಗುವ ಕೆಲಸ. ಆಗುಂಬೆಯ ಕಡೆಯ ಒಂದು ತೋಟದ ಮನೆಯಲ್ಲಿ, ಆಷಾಢದ ಮಳೆಯಲ್ಲಿ, ಹಾಗಲ್ಲ. 2020ರ ಲಾಕ್‌ಡೌನಿನ ದಿನಗಳಲ್ಲಿ ಮಲೆನಾಡಿನ ಎಷ್ಟೋ ಊರುಗಳ ಮಕ್ಕಳು ಪಾಠ ಕೇಳುವುದಕ್ಕಾಗಿ ಗುಡ್ಡ ಹತ್ತಿ, ತಾಡಪಾಲಿನ ಕೆಳಗೆ ಕುಳಿತದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದೆವು. ಸಿಗ್ನಲ್ಲು ಹೋದೊಡನೆ ಪುಟವೂ ಹೋಗುತ್ತದೆ. ಕ್ರೋಮ್ ಬ್ರೌಸರಿನಲ್ಲಾದರೆ ಒಂದು ಸಣ್ಣ ಡೈನೋಸಾರ್ ಬಂದು ನಿಲ್ಲುತ್ತದೆ. ಮಕ್ಕಳಿಗೆ ಅದು ಆಟ, ಕೆಲಸವಿದ್ದವನಿಗೆ ಅಣಕ.

ಒಮ್ಮೆ ತಂದ ಫೈಲನ್ನು ಇಟ್ಟುಕೊಳ್ಳಬಾರದೆ ಎಂದು ನೀವು ಕೇಳುವಿರಿ. ಬ್ರೌಸರು ಮೊದಲಿನಿಂದಲೂ ಇಟ್ಟುಕೊಳ್ಳುತ್ತಲೇ ಬಂದಿದೆ. ಆ ಸಂಗ್ರಹಕ್ಕೆ ಕ್ಯಾಶ್ ಎನ್ನುತ್ತಾರೆ. ಇದು ಸೆಟ್ಟಿಯ ಗಲ್ಲೆಯ ಕ್ಯಾಶ್ ಅಲ್ಲ. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಬಚ್ಚಿಟ್ಟದ್ದು ಎಲ್ಲಿದೆ, ಎಷ್ಟು ದಿನ ಇರುತ್ತದೆ ಎಂಬುದು ಆ ಹಳೆಯ ಏರ್ಪಾಡಿನಲ್ಲಿ ಪುಟ ಬರೆದವನ ಪೂರ್ತಿ ಹಿಡಿತದಲ್ಲಿ ಇರಲಿಲ್ಲ. ಸರ್ವರು ಒಂದಿಷ್ಟು ಸೂಚನೆ ಕೊಡುತ್ತಿತ್ತು. ಬ್ರೌಸರು ತನಗೆ ತೋರಿದಷ್ಟು ಪಾಲಿಸುತ್ತಿತ್ತು. ನೆಟ್‌ವರ್ಕ್ ಪೂರಾ ಇಲ್ಲದಿದ್ದಾಗ ಅದನ್ನು ನಂಬಿ ಕೂರುವಂತಿರಲಿಲ್ಲ.

ಇದಕ್ಕೆ ಪರಿಹಾರವೆಂದು 'ಆ್ಯಪ್ ಕ್ಯಾಶ್' ಎಂಬುದೊಂದು ಬಂತು. ಇಟ್ಟುಕೊಳ್ಳಬೇಕಾದ ಫೈಲುಗಳ ಪಟ್ಟಿಯೊಂದನ್ನು ಬರೆದಿಟ್ಟರೆ ಉಳಿದದ್ದು ತಾನಾಗಿಯೇ ನಡೆಯುವುದೆಂದು ಹೇಳಿದರು. ಕೇಳಲು ಇಂಪಾಗಿತ್ತು. ಆದರೆ ಪಟ್ಟಿಯನ್ನು ಹೆಸರಿಸಿದ ಪುಟ ತಾನೂ ಸಂಗ್ರಹಕ್ಕೆ ಸೇರಿಬಿಡುತ್ತಿತ್ತು. ನೆಟ್‌ವರ್ಕ್ ಚೆನ್ನಾಗಿದ್ದಾಗಲೂ ಹಳೆಯ ಪ್ರತಿಯೇ ಮೊದಲು ತೆರೆಯುತ್ತಿತ್ತು. ಪಟ್ಟಿಯ ಫೈಲಿನಲ್ಲಿ ಒಂದಕ್ಷರವಾದರೂ ಬದಲಾಗದ ಹೊರತು ಹೊಸದು ಬರುತ್ತಿರಲಿಲ್ಲ. 2012ರಲ್ಲಿ ಜೇಕ್ ಆರ್ಚಿಬಾಲ್ಡ್ ಎಂಬ ತಜ್ಞರು ಒಂದು ಬೈಗುಳವನ್ನೇ ತಲೆಬರಹಕ್ಕೆ ಸೇರಿಸಿ ಇದರ ಮೇಲೆ ಲೇಖನ ಬರೆದರು. ಬೈದು ಸುಮ್ಮನಾಗಲಿಲ್ಲ ಎಂಬುದು ಅವರ ದೊಡ್ಡತನ. ಅಲೆಕ್ಸ್ ರಸೆಲ್ ಮೊದಲಾದವರೊಡನೆ ಸೇರಿ ಬೇರೊಂದು ಏರ್ಪಾಡಿನ ಕರಡನ್ನು ಸಿದ್ಧಪಡಿಸಿದರು. ಅದೇ ಸರ್ವಿಸ್ ವರ್ಕರ್. ಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2014ರ ಮೇ ತಿಂಗಳಲ್ಲಿ ಮೊದಲ ಕರಡನ್ನು ಹೊರತಂದಿತು. 2015ರ ಜನವರಿಯಲ್ಲಿ ಕ್ರೋಮ್, 2016ರ ಜನವರಿಯಲ್ಲಿ ಫೈರ್‌ಫಾಕ್ಸ್, 2018ರಲ್ಲಿ ಸಫಾರಿ ಮತ್ತು ಎಡ್ಜ್ ಬ್ರೌಸರುಗಳು ಇದನ್ನು ಒಳಗೆ ಬಿಟ್ಟುಕೊಂಡವು. ಹಳೆಯ ಆ್ಯಪ್ ಕ್ಯಾಶನ್ನು ಫೈರ್‌ಫಾಕ್ಸ್ 2020ರ ಡಿಸೆಂಬರಿನಲ್ಲಿ ಕಿತ್ತೇ ಹಾಕಿತು. ನಮ್ಮ ನಾಡಿಗೂ ಈ ಕತೆಯಲ್ಲಿ ಒಂದು ಪಾಲುಂಟು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆ ತನ್ನ ಮೊಬೈಲು ಜಾಲತಾಣವನ್ನು ಮುಚ್ಚಿ ಆ್ಯಪ್ ಒಂದನ್ನೇ ನಂಬಿತ್ತು. 2015ರ ನವೆಂಬರಿನಲ್ಲಿ ಮನಸ್ಸು ಬದಲಿಸಿ, ಸರ್ವಿಸ್ ವರ್ಕರನ್ನು ಆಧಾರವಾಗಿಟ್ಟುಕೊಂಡ 'ಫ್ಲಿಪ್‌ಕಾರ್ಟ್ ಲೈಟ್' ಎಂಬ ತಾಣವನ್ನು ತೆರೆಯಿತು. ದೊಡ್ಡ ವ್ಯಾಪಾರವೊಂದು ಈ ವಿದ್ಯೆಯನ್ನು ನಂಬಿ ಮುಂದೆ ಬಂದ ಮೊದಲ ಕೆಲವು ಪ್ರಸಂಗಗಳಲ್ಲಿ ಇದೂ ಒಂದು.

ಇನ್ನು ಉಗ್ರಾಣಿಯ ಕೆಲಸಕ್ಕೆ ಬರೋಣ. ಸರ್ವಿಸ್ ವರ್ಕರ್ ಎಂದರೆ ತಾಣದವರೇ ಬರೆದ ಒಂದು ಜಾವಾಸ್ಕ್ರಿಪ್ಟ್ ಫೈಲು. ಆದರೆ ಅದು ಪುಟದ ಒಳಗೆ ನಡೆಯುವುದಿಲ್ಲ. ಪುಟಕ್ಕೂ ನೆಟ್‌ವರ್ಕಿಗೂ ನಡುವೆ, ಹಿನ್ನೆಲೆಯಲ್ಲಿ ನಡೆಯುತ್ತದೆ. ಪುಟದ ಮೇಲಿನ ಒಂದು ಅಕ್ಷರವನ್ನೂ ಅದು ನೇರವಾಗಿ ಮುಟ್ಟಲಾರದು. ಪುಟದಿಂದ ಹೊರಡುವ ಕೋರಿಕೆಗಳನ್ನು ಮಾತ್ರ ತಡೆದು ನಿಲ್ಲಿಸಿ, 'ಇದು ನನ್ನಲ್ಲಿದೆ, ತೆಗೆದುಕೊ' ಎನ್ನಬಹುದು. 'ಪೇಟೆಯಿಂದ ತರಿಸುತ್ತೇನೆ, ತಾಳು' ಎನ್ನಬಹುದು.

ಮೊದಲ ಸಲ ನೀವು ತಾಣಕ್ಕೆ ಹೋದಾಗ ಪುಟವು ಬ್ರೌಸರಿಗೆ 'ಇವನನ್ನು ಉಗ್ರಾಣಿಯಾಗಿ ನೇಮಿಸು' ಎಂದು ಹೇಳುತ್ತದೆ. ಬ್ರೌಸರು ಆ ಫೈಲನ್ನು ತಂದು 'ಇನ್‌ಸ್ಟಾಲ್' ಎಂಬ ಗಂಟೆ ಬಾರಿಸುತ್ತದೆ. ಮಳೆಗಾಲಕ್ಕೆ ಮುಂಚೆ ನಮ್ಮ ಹಿರಿಯರು ಸೌದೆ ಒಟ್ಟಿ, ಹಪ್ಪಳ ಒಣಗಿಸಿ, ಉಪ್ಪಿನಕಾಯಿಯ ಭರಣಿ ತುಂಬಿಸಿಡುತ್ತಿದ್ದರಲ್ಲ, ಅಂಥ ಗಳಿಗೆ ಇದು. ಒಂದು ಸಂಗ್ರಹವನ್ನು ತೆರೆದು, ಅದಕ್ಕೆ ಹೆಸರಿಟ್ಟು, ಪುಟ ನಿಲ್ಲಲು ಬೇಕೇಬೇಕಾದ ಫೈಲುಗಳನ್ನು ಅಲ್ಲಿ ತುಂಬುತ್ತಾರೆ. ಇಲ್ಲಿ ಒಂದು ಕಟ್ಟುನಿಟ್ಟು ಉಂಟು. ಪಟ್ಟಿಯನ್ನು ಒಟ್ಟಾಗಿ ತುಂಬಲು ಹೇಳಿದಾಗ ಇಪ್ಪತ್ತರಲ್ಲಿ ಒಂದು ಫೈಲು ಸಿಕ್ಕದಿದ್ದರೂ ಉಳಿದ ಹತ್ತೊಂಬತ್ತನ್ನೂ ಒಪ್ಪಿಕೊಳ್ಳುವುದಿಲ್ಲ, ನೇಮಕವೇ ಬಿದ್ದುಹೋಗುತ್ತದೆ. ಅರ್ಧ ಉಗ್ರಾಣಕ್ಕಿಂತ ಉಗ್ರಾಣವಿಲ್ಲದಿರುವುದೇ ಮೇಲೆಂಬ ಎಣಿಕೆ. ಆದಕಾರಣ ಕಂಡಕಂಡ ಚಿತ್ರಗಳನ್ನೆಲ್ಲ ಈ ಪಟ್ಟಿಗೆ ತುರುಕುವುದು ಜಾಣತನವಲ್ಲ. ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದಿಲ್ಲ: ಈ ಮೊದಲ ಭೇಟಿಯಲ್ಲಿ ಉಗ್ರಾಣಿ ಸಾಮಾನ್ಯವಾಗಿ ಕೆಲಸಕ್ಕೆ ಇಳಿದಿರುವುದಿಲ್ಲ. ಎದುರಿಗಿರುವ ಪುಟ ಅವನಿಗಿಂತ ಮೊದಲೇ ಬಂದದ್ದು. ಅವನ ಕೈ ನಡೆಯುವುದು ಎರಡನೆಯ ಸಲ ತೆರೆದಾಗ.

ಆಮೇಲಿಂದ ಪ್ರತಿಯೊಂದು ಕೋರಿಕೆಗೂ 'ಫೆಚ್' ಎಂಬ ಕರೆ ಅವನಿಗೆ ಹೋಗುತ್ತದೆ. ಅವನು ಏನು ಮಾಡಬೇಕೆಂಬುದನ್ನು ಪುಟ ಬರೆದವನು ಮೊದಲೇ ಬರೆದಿಟ್ಟಿರಬೇಕು. ಅಕ್ಷರರೂಪದ ಫೈಲು, ಲಾಂಛನ, ಪುಟದ ಹೊರಕಟ್ಟು ಇವು ದಿನದಿನಕ್ಕೆ ಬದಲಾಗುವುವಲ್ಲ. ಸಂಗ್ರಹದಲ್ಲಿದ್ದರೆ ಅದನ್ನೇ ಕೊಟ್ಟುಬಿಡು, ಇಲ್ಲದಿದ್ದರೆ ಮಾತ್ರ ಹೊರಗೆ ಹೋಗು ಎಂದರಾಯಿತು. ಕನ್ನಡದ ತಾಣಗಳಿಗೆ ಇದರಿಂದ ವಿಶೇಷ ಲಾಭವಿದೆ. ಒತ್ತಕ್ಷರ, ಗುಣಿತಗಳ ರೂಪಗಳನ್ನೆಲ್ಲ ಹೊತ್ತ ನಮ್ಮ ಅಕ್ಷರದ ಫೈಲು ಇಂಗ್ಲಿಷಿನ 26 ಅಕ್ಷರಗಳ ಫೈಲಿಗಿಂತ ದಪ್ಪನೆಯದು. ಅದನ್ನು ಪ್ರತಿಸಲ ಹೊರುವುದು ತಪ್ಪುತ್ತದೆ.

ಪೇಟೆ ಧಾರಣೆ, ಬಸ್ಸಿನ ವೇಳೆ, ಅಣೆಕಟ್ಟಿನ ನೀರಿನ ಮಟ್ಟ ಮೊದಲಾದವು ಬೇರೆ ಜಾತಿ. ಇವು ಹಾಲಿನ ಹಾಗೆ. ಮೊದಲು ಹೊರಗೆ ಕೇಳು, ಸಿಕ್ಕದಿದ್ದರೆ ಸಂಗ್ರಹದಲ್ಲಿದ್ದ ಹಿಂದಿನದನ್ನು ಕೊಡು ಎಂದು ಹೇಳಬೇಕು. ಕೇಳುವುದಕ್ಕೆ ಸರಳ. ಆದರೆ ನಮ್ಮ ಹಳ್ಳಿಗಳ ನಿಜವಾದ ತೊಂದರೆ ನೆಟ್‌ವರ್ಕ್ ಇಲ್ಲದಿರುವುದಲ್ಲ, ಇದ್ದೂ ಇಲ್ಲದಂತಿರುವುದು. ಪೂರಾ ಇಲ್ಲದಿದ್ದರೆ ಉಗ್ರಾಣಿಗೆ ಕೂಡಲೆ ತಿಳಿಯುತ್ತದೆ. ಒಂದೇ ಗೆರೆ ಸಿಗ್ನಲ್ಲು ಇದ್ದರೆ ಪೇಟೆಗೆ ಹೋದ ಆಳು ಬರಲೂ ಇಲ್ಲ, ಬರುವುದಿಲ್ಲವೆಂದು ಹೇಳಿ ಕಳಿಸಲೂ ಇಲ್ಲ ಎಂಬ ಸ್ಥಿತಿ. ಓದುವವನು ಬಿಳಿಯ ಪರದೆಯನ್ನು ನೋಡುತ್ತ ಒಂದು ನಿಮಿಷ ಕೂರುತ್ತಾನೆ. ಹಾಗಾಗಿ 'ಮೂರು ಸೆಕೆಂಡು ಕಾಯಿ, ಬರದಿದ್ದರೆ ಹಳೆಯದನ್ನು ಕೊಡು' ಎಂಬ ಗಡುವನ್ನು ನಾವೇ ಬರೆದಿಡಬೇಕು. ನಗರದಲ್ಲಿ ಕುಳಿತು ಬರೆಯುವ ಬಹುಮಂದಿಗೆ ಈ ಮಾತು ಹೊಳೆಯುವುದೇ ಇಲ್ಲ.

ಎರಡರ ನಡುವೆ ಇನ್ನೊಂದು ಉಪಾಯವುಂಟು: ಕೈಯಲ್ಲಿರುವ ಹಳೆಯದನ್ನು ಈಗ ಕೊಟ್ಟು, ಹಿಂದಿನಿಂದ ಹೊಸದನ್ನು ತರಿಸಿ ಮುಂದಿನ ಸಲಕ್ಕೆ ಇಟ್ಟುಕೊಳ್ಳುವುದು. ಬರೆದವರ ಭಾವಚಿತ್ರ, ಪುಸ್ತಕಗಳ ಪಟ್ಟಿ ಇಂಥವಕ್ಕೆ ಇದು ಒಪ್ಪುತ್ತದೆ. ಧಾರಣೆಗೆ ಒಪ್ಪದು.

ಇನ್ನು ಬರುವುದು ಉಗ್ರಾಣಿಯನ್ನು ಬದಲಿಸುವ ಪ್ರಶ್ನೆ. ನನ್ನ ಅನುಭವದಲ್ಲಿ ಜನ ಕೆಡುವುದು ಇಲ್ಲಿಯೇ. ತಾಣದ ಪುಟವನ್ನು ತೆರೆದಾಗಲೆಲ್ಲ ಬ್ರೌಸರು ಸರ್ವಿಸ್ ವರ್ಕರಿನ ಫೈಲು ಸರ್ವರಿನಲ್ಲಿ ಬದಲಾಗಿದೆಯೇ ಎಂದು ನೋಡುತ್ತದೆ. ಒಂದೇ ಒಂದು ಬೈಟು ಬೇರೆಯಾಗಿದ್ದರೂ ಅದನ್ನು ಹೊಸ ಉಗ್ರಾಣಿಯೆಂದು ತಿಳಿದು, ಅವನಿಗೂ ಇನ್‌ಸ್ಟಾಲ್ ಗಂಟೆ ಬಾರಿಸುತ್ತದೆ. ಅವನು ತನ್ನ ಸಾಮಾನನ್ನು ಬೇರೆ ಹೆಸರಿನ ಸಂಗ್ರಹದಲ್ಲಿ ತುಂಬಿಕೊಂಡು ಬಾಗಿಲ ಹೊರಗೆ ಕಾಯುತ್ತಾನೆ. ಏಕೆ ಕಾಯಬೇಕು? ಪಂಕ್ತಿಯ ನಡುವೆ ಅಡಿಗೆಯವನನ್ನು ಬದಲಿಸಿದರೆ ಅರ್ಧ ಜನಕ್ಕೆ ಒಂದು ಸಾರು, ಇನ್ನರ್ಧ ಜನಕ್ಕೆ ಇನ್ನೊಂದು ಸಾರು ಆಗುವುದಿಲ್ಲವೆ? ಹಳೆಯ ಪುಟಕ್ಕೆ ಹೊಸ ಫೈಲು ಬಂದು ಸೇರಿದರೆ ಎರಡೂ ಕೆಡುತ್ತವೆ. ಆದ್ದರಿಂದ ಆ ತಾಣದ ಹಳೆಯ ಪುಟಗಳೆಲ್ಲ ಮುಚ್ಚುವವರೆಗೆ, ಅಂದರೆ ಕೊನೆಯ ಊಟದವನು ಎದ್ದು ಕೈ ತೊಳೆಯುವವರೆಗೆ, ಹೊಸಬನಿಗೆ ಬೀಗದ ಕೈ ಸಿಕ್ಕುವುದಿಲ್ಲ. ಪುಟವನ್ನು ರಿಫ್ರೆಶ್ ಮಾಡಿದರೆ ಸಾಲದು. ಸಿಕ್ಕ ಮೇಲೆ 'ಆಕ್ಟಿವೇಟ್' ಎಂಬ ಎರಡನೆಯ ಗಂಟೆ. ಹಳೆಯವನ ಸಂಗ್ರಹವನ್ನು ಗುಡಿಸಿ ಹಾಕಬೇಕಾದ ಗಳಿಗೆ ಅದು. ಗುಡಿಸು ಎಂದು ಬರೆಯದಿದ್ದರೆ ಅವನು ಗುಡಿಸುವುದಿಲ್ಲ; ಹಳೆಯ ರಾಶಿ ಓದುಗನ ಮೊಬೈಲಿನಲ್ಲಿ ಬಿದ್ದೇ ಇರುತ್ತದೆ. ಕಾಯದೆ ಒಳನುಗ್ಗುವ ಆಜ್ಞೆಯೂ ಉಂಟು, 'ಸ್ಕಿಪ್ ವೇಟಿಂಗ್' ಎಂದು. ತುರ್ತಿಗೆ ಸರಿ, ಚಟವಾಗಬಾರದು.

ಇದನ್ನೆಲ್ಲ ಬಲ್ಲವನಂತೆ ಬರೆಯುತ್ತಿದ್ದೇನೆ. ಬಲ್ಲವನಾದದ್ದು ಹೇಗೆಂಬುದನ್ನೂ ಹೇಳಬೇಕಷ್ಟೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಅಡಿಕೆ ಬೆಳೆಗಾರರು ಕೆಲವರಿಗಾಗಿ ಒಂದು ಸಣ್ಣ ಜಾಲಪುಟ ಮಾಡಿಕೊಟ್ಟೆ. ರಾಶಿ, ಬೆಟ್ಟೆ, ಗೊರಬಲುಗಳ ಆ ದಿನದ ಧಾರಣೆ ಅದರಲ್ಲಿ ಕಾಣಬೇಕು. ತೋಟದಲ್ಲಿ ಸಿಗ್ನಲ್ಲು ಇಲ್ಲದಿದ್ದರೂ ಪುಟ ತೆರೆಯಬೇಕು. ನಾನು ಉತ್ಸಾಹದಲ್ಲಿ ಎಲ್ಲದಕ್ಕೂ 'ಸಂಗ್ರಹದಲ್ಲಿದ್ದರೆ ಅದನ್ನೇ ಕೊಡು' ಎಂದು ಬರೆದುಬಿಟ್ಟೆ. ಪುಟ ಮಿಂಚಿನಂತೆ ತೆರೆಯಿತು. ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆ. ಎಂಟು ದಿನದ ಮೇಲೆ ಹಿರಿಯರೊಬ್ಬರಿಂದ ಫೋನು: 'ಎಂತ ಮಾರಾಯ, ನಿನ್ನ ಪುಟದಲ್ಲಿ ಒಂದು ದರ, ಮಂಡಿಯಲ್ಲಿ ಒಂದು ದರ! ಬಾಡಿಗೆ ಜೀಪು ಮಾಡಿಕೊಂಡು ಮಾಲು ತಂದಿದ್ದೇನೆ. ವಾಪಸು ಹೊತ್ತುಕೊಂಡು ಹೋಗುವುದಾ, ಬಂದಷ್ಟಕ್ಕೆ ಕೊಡುವುದಾ?' ಅವರ ಮೊಬೈಲಿನಲ್ಲಿ ಮೊದಲ ದಿನ ತುಂಬಿಸಿಟ್ಟ ಧಾರಣೆಯೇ ಎಂಟು ದಿನವೂ ಕಾಣುತ್ತಿತ್ತು. ಅವರು ಬಂದಷ್ಟಕ್ಕೆ ಕೊಟ್ಟರು. ಕ್ವಿಂಟಲಿಗೆ ಎಷ್ಟು ಕಡಿಮೆಯಾಯಿತೆಂದು ನನಗೆ ಹೇಳಲಿಲ್ಲ; ಹೇಳಿದ್ದರೆ ಇನ್ನೂ ಚೆನ್ನಾಗಿತ್ತು.

ಪುಟ ತೆರೆಯದೆ ಇದ್ದಿದ್ದರೆ ಅವರು ಮಂಡಿಗೆ ಫೋನು ಮಾಡಿ ಕೇಳುತ್ತಿದ್ದರು. ತೆರೆದದ್ದರಿಂದ ನಂಬಿದರು. ಇಲ್ಲದ ಪುಟ ಮೋಸ ಮಾಡುವುದಿಲ್ಲ. ಹೊಸದರಂತೆ ಕಾಣುವ ಹಳೆಯ ಪುಟ ಮಾಡುತ್ತದೆ. ಸಂಗ್ರಹದ ವಿದ್ಯೆಯಲ್ಲಿ ಅಪಾಯವೆಂಬುದಿದ್ದರೆ ಇದೇ.

ತಪ್ಪನ್ನು ತಿದ್ದಹೋದಾಗ ಎರಡನೆಯ ತಪ್ಪು ಮಾಡಿದೆ. ಮೊದಲ ಉಗ್ರಾಣಿಯ ಫೈಲಿಗೆ 'ಉಗ್ರಾಣಿ-1' ಎಂದು ಹೆಸರಿಟ್ಟಿದ್ದೆ. ಸರಿಪಡಿಸಿದ ಫೈಲಿಗೆ 'ಉಗ್ರಾಣಿ-2' ಎಂದು ಹೆಸರಿಟ್ಟು, 'ಇನ್ನು ಮುಂದೆ ಎರಡನೆಯವನನ್ನು ನೇಮಿಸು' ಎಂದು ಮುಖಪುಟದಲ್ಲಿ ಬರೆದೆ. ಆದರೆ ಆ ಮುಖಪುಟವನ್ನು ಬೆಳೆಗಾರರ ಮೊಬೈಲಿಗೆ ಕೊಡುತ್ತಿದ್ದವನು ಯಾರು? ಒಂದನೆಯವನು. ಅವನು ತನ್ನ ಸಂಗ್ರಹದ ಹಳೆಯ ಮುಖಪುಟವನ್ನೇ ಕೊಡುತ್ತಿದ್ದ. ಅದರಲ್ಲಿ ಇದ್ದದ್ದು ಅವನ ಹೆಸರೇ. ತನ್ನನ್ನು ಬಿಡಿಸಬೇಕೆಂಬ ಕಾಗದವನ್ನು ಅವನ ಕೈಗೇ ಕೊಟ್ಟು ಯಜಮಾನನಿಗೆ ತಲುಪಿಸು ಎಂದ ಹಾಗಾಯಿತು ನನ್ನ ಕೆಲಸ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ದಾರಿ ಹೊಳೆಯಿತು. ಉಗ್ರಾಣಿಯ ಫೈಲು ಬದಲಾಗಿದೆಯೇ ಎಂದು ಬ್ರೌಸರು ನೋಡುವಾಗ ಆ ಕೋರಿಕೆ ಉಗ್ರಾಣಿಯ ಮೂಲಕ ಹೋಗುವುದಿಲ್ಲ. ನೇರವಾಗಿ ಸರ್ವರಿಗೆ ಹೋಗುತ್ತದೆ. ನಿಯಮ ಬರೆದವರು ಈ ಒಂದು ಹಿಂಬಾಗಿಲನ್ನು ಉಳಿಸಿಟ್ಟಿದ್ದಾರೆ. ಹೊಸ ಬರಹವನ್ನು ಹಳೆಯ ಹೆಸರಿನಲ್ಲೇ, 'ಉಗ್ರಾಣಿ-1' ಎಂಬ ಫೈಲಿನಲ್ಲೇ ಇಟ್ಟೆ. ಕಾಯದೆ ಒಳಗೆ ಹೋಗು, ಹಳೆಯದನ್ನೆಲ್ಲ ಅಳಿಸು ಎಂದು ಅದರಲ್ಲಿ ಬರೆದೆ. ಬೆಳೆಗಾರರು ಮುಂದಿನ ಸಲ ಸಿಗ್ನಲ್ಲಿದ್ದ ಕಡೆ ಪುಟ ತೆರೆದಂತೆ ಒಬ್ಬೊಬ್ಬರದೂ ಸರಿಹೋಯಿತು. ಜಾಲಪುಟ ಬರೆಯುವ ತರುಣರು ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ, ಸರ್ವಿಸ್ ವರ್ಕರಿನ ಫೈಲಿನ ಹೆಸರನ್ನು ಎಂದಿಗೂ ಬದಲಿಸಬೇಡಿ; ಬದಲಿಸಬೇಕಾದದ್ದು ಸಂಗ್ರಹದ ಹೆಸರನ್ನು.

ಬೇರೆ ಸಣ್ಣ ಹೊಂಡಗಳೂ ಇವೆ. ಸರ್ವರು 'ಅಂಥ ಪುಟವಿಲ್ಲ' ಎಂದು 404ರ ಉತ್ತರ ಕೊಟ್ಟರೂ ಉಗ್ರಾಣಿಯ ದೃಷ್ಟಿಯಲ್ಲಿ ಅದೂ ಒಂದು ಉತ್ತರವೇ. ನೋಡದೆ ಇಟ್ಟುಕೊಂಡರೆ ಆ ತಪ್ಪನ್ನೇ ಜೋಪಾನವಾಗಿ ಕಾಪಾಡುತ್ತಾನೆ. ಬಂದ ಉತ್ತರವನ್ನು ಒಂದೇ ಸಲ ಬಳಸಬಹುದು, ಆದ್ದರಿಂದ ಪುಟಕ್ಕೆ ಒಂದು ಸಂಗ್ರಹಕ್ಕೆ ಒಂದು ಎಂದು ಮೊದಲೇ ನಕಲು ಮಾಡಿಕೊಳ್ಳಬೇಕು. ಕೆಲಸವಿಲ್ಲದಾಗ ಬ್ರೌಸರು ಉಗ್ರಾಣಿಯನ್ನು ಮಲಗಿಸಿಬಿಡುತ್ತದೆ. ಎದ್ದಾಗ ಅವನಿಗೆ ಹಿಂದಿನ ನೆನಪೊಂದೂ ಇರುವುದಿಲ್ಲ. ನೆನಪಿನಲ್ಲಿರಬೇಕಾದದ್ದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡುವಂತೆ ಬ್ರೌಸರಿನ ದತ್ತಸಂಚಯದಲ್ಲಿ ಬರೆದಿಡಬೇಕು.

ಇಷ್ಟು ಅಧಿಕಾರ ಉಳ್ಳವನನ್ನು ಹೇಗೆ ನಂಬುವುದೆಂಬ ಶಂಕೆ ನಿಮಗೆ ಬಂದಿರಬಹುದು. ಶಂಕೆ ಸರಿಯೇ. ನಡುವೆ ನಿಂತವನು ಪುಟವನ್ನೇ ಬದಲಿಸಿ ಕೊಡಬಲ್ಲ. ದಾರಿಯಲ್ಲಿ ಯಾರಾದರೂ ಕಳ್ಳ ಉಗ್ರಾಣಿಯನ್ನು ತೂರಿಸಿಬಿಟ್ಟರೆ ಅನರ್ಥ. ಆದ್ದರಿಂದ ಎಚ್‌ಟಿಟಿಪಿಎಸ್ ಎಂಬ ಮುಚ್ಚಿದ ಹಾದಿಯಲ್ಲಿ ಬರುವ ತಾಣಗಳಿಗೆ ಮಾತ್ರ ಈ ನೇಮಕದ ಹಕ್ಕು. ಬರೆಯುವವನು ತನ್ನ ಸ್ವಂತ ಯಂತ್ರದಲ್ಲಿ ಪರೀಕ್ಷೆ ಮಾಡುವುದಕ್ಕೆ ಮಾತ್ರ ವಿನಾಯಿತಿ. ಒಂದು ತಾಣದ ಉಗ್ರಾಣಿ ಇನ್ನೊಂದು ತಾಣದ ಸಂಗ್ರಹಕ್ಕೆ ಕೈ ಹಾಕಲಾರ.

ಸಂಗ್ರಹವೂ ಶಾಶ್ವತವಲ್ಲ. ಮೊಬೈಲಿನಲ್ಲಿ ಜಾಗ ಸಾಲದಾದಾಗ ಬ್ರೌಸರು ಅದನ್ನು ಅಳಿಸಬಹುದು. ಸಫಾರಿಯಂತೂ 2020ರಿಂದ ಇನ್ನೂ ಬಿಗಿ: ಬ್ರೌಸರನ್ನು ಬಳಸುತ್ತಲೇ ಏಳು ದಿನ ಆ ತಾಣದತ್ತ ಸುಳಿಯದಿದ್ದರೆ ಅದರ ಉಗ್ರಾಣವೇ ಖಾಲಿ, ತಾಣವನ್ನು ಮೊಬೈಲಿನ ಮುಖಪರದೆಗೆ ಸೇರಿಸಿಕೊಂಡಿದ್ದರೆ ಈ ನಿಯಮ ತಗಲುವುದಿಲ್ಲ. ಓದುಗನು ಬರೆದ ಕವಿತೆಯನ್ನೋ ತುಂಬಿದ ಅರ್ಜಿಯನ್ನೋ ಇಲ್ಲಿ ಮಾತ್ರ ಇಟ್ಟು ನಿಶ್ಚಿಂತರಾಗಿರಬೇಡಿ. ಇಲ್ಲಿರಬೇಕಾದದ್ದು ಮತ್ತೆ ತರಿಸಬಹುದಾದ ಪ್ರತಿಗಳು.

ಅಡಿಕೆಯ ಪುಟ ಈಗಲೂ ನಡೆಯುತ್ತಿದೆ. ಧಾರಣೆಯನ್ನು ಮೊದಲು ಹೊರಗೆ ಕೇಳುತ್ತದೆ, ಮೂರು ಸೆಕೆಂಡು ಕಾಯುತ್ತದೆ, ಬರದಿದ್ದರೆ ಹಿಂದಿನದನ್ನು ತೋರಿಸುತ್ತದೆ. ಬಾನುಲಿಯಲ್ಲಿ ಪೇಟೆ ಧಾರಣೆ ಹೇಳುವಾಗ ಯಾವ ದಿನದ್ದೆಂದು ಮೊದಲು ಹೇಳಿ ಆಮೇಲೆ ಅಂಕಿ ಓದುವ ಕ್ರಮ ನನಗೆ ನೆನಪಿತ್ತು. ಅದನ್ನೇ ಅನುಸರಿಸಿ ದರಗಳ ಮೇಲೆ ದಪ್ಪಕ್ಷರದ ಒಂದು ಸಾಲು ಹಾಕಿದ್ದೇನೆ: 'ಇದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಯ ದರ. ಈಗ ನೆಟ್‌ವರ್ಕ್ ಇಲ್ಲ.' ಆ ಹಿರಿಯರು ಈಗ ದರವನ್ನು ನೋಡುವ ಮೊದಲು ಆ ಸಾಲನ್ನು ಓದುತ್ತಾರಂತೆ. ಮಂಗಳವಾರ ಎಂದಿದ್ದು ಅಂದು ಗುರುವಾರವಾಗಿದ್ದರೆ, ಜೀಪಿನವನಿಗೆ ಹೇಳಿ ಕಳಿಸುವ ಮುಂಚೆ ಗುಡ್ಡದ ತನಕ ಒಮ್ಮೆ ನಡೆದು ಹೋಗಿಬರುತ್ತಾರೆ.